ಕ್ಯಾಲೆಂಡರ್ ಹಂಚಿಕೆ: ಯಾರಿಗೆ ಯಾವ ಅನುಮತಿ, ದೋಷ ಬಂದರೆ ಎಲ್ಲಿ ಕೈ ಹಾಕಬೇಕು

“ಸರ್, ಮೇಡಂ ಕ್ಯಾಲೆಂಡರ್ ಓಪನ್ ಆಗ್ತಿಲ್ಲ, ಪರ್ಮಿಷನ್ ಇಲ್ಲ ಅಂತಿದೆ.” ಐಟಿ ಡೆಸ್ಕಿಗೆ ಬರುವ ಈ ಒಂದು ಸಾಲಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿರಬಹುದು. ಒಬ್ಬರಿಗೆ ಕ್ಯಾಲೆಂಡರ್ ತೆರೆಯುತ್ತದೆ, ಆದರೆ ಎಲ್ಲೆಲ್ಲೂ ‘ಬ್ಯುಸಿ’ ಎಂಬ ಪಟ್ಟಿಯಷ್ಟೇ. ಇನ್ನೊಬ್ಬರಿಗೆ ವಿವರವೆಲ್ಲ ಕಾಣುತ್ತದೆ, ಬರೆಯಲು ಹೋದರೆ ತಡೆ. ಮೂರನೆಯವರು ಬರೆಯುತ್ತಾರೆ, ಆದರೆ ಕಳಿಸಿದ ಮೀಟಿಂಗ್ ಆಹ್ವಾನ ಹಾಗೇ ವಾಪಸ್ ಬರುತ್ತದೆ. ನಾಲ್ಕನೆಯವರು ಬೇರೆ ಕಂಪನಿಯವರು, ಅವರಿಗೆ ಏನೂ ಕಾಣುವುದಿಲ್ಲ. ನಾಲ್ವರಿಗೂ ‘ಓನರ್ ಕೊಟ್ಟುಬಿಡಿ’, ಅಂದರೆ ಕ್ಯಾಲೆಂಡರ್ ಮೇಲಿನ ಪೂರ್ತಿ ಹಕ್ಕನ್ನೇ ಕೊಟ್ಟುಬಿಡಿ, ಎನ್ನುವ ಅಭ್ಯಾಸ ಹಲವು ಕಚೇರಿಗಳಲ್ಲಿದೆ. ಮೊದಲ ಇಬ್ಬರ ವಿಷಯದಲ್ಲಿ ಅದು ನೆಗಡಿ ಬಂತೆಂದು ಮೂಗು ಕೊಯ್ದಂತೆ. ಉಳಿದ ಇಬ್ಬರಿಗೆ ಅದರಿಂದ ಕೆಲಸವೇ ಆಗುವುದಿಲ್ಲ.

ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು ವ್ಯವಸ್ಥೆಗಳನ್ನು ಇಲ್ಲಿ ಹೋಲಿಸಿದೆ: ಮೈಕ್ರೋಸಾಫ್ಟ್ 365ರ ಔಟ್‌ಲುಕ್ ಮತ್ತು ಗೂಗಲ್ ವರ್ಕ್‌ಸ್ಪೇಸ್‌ನ ಕ್ಯಾಲೆಂಡರ್. ಔಟ್‌ಲುಕ್‌ಗೆ ಜಾಗ ಹೆಚ್ಚು ಹೋಗಿದೆ. ಅಲ್ಲಿ ದಾರಿಗಳೂ ಹೆಚ್ಚು, ಗುಂಡಿಗಳೂ ಹೆಚ್ಚು.

ಮೊದಲು ಬ್ರೌಸರ್‌ನಲ್ಲಿ ತೆರೆದು ನೋಡಿ

ಅನುಮತಿ ಇರುವುದು ಸರ್ವರ್‌ನಲ್ಲಿ. ಕಂಪ್ಯೂಟರ್‌ನಲ್ಲಿರುವ ಔಟ್‌ಲುಕ್ ತೋರಿಸುವುದು ಬಹುಪಾಲು ಅದರ ನಕಲನ್ನು, ಆ ನಕಲು ಹಳಸಿರಬಹುದು. ಹಾಗಾಗಿ ಸೆಟ್ಟಿಂಗ್‌ಗೆ ಕೈ ಹಾಕುವ ಮುನ್ನ, ದೂರು ಕೊಟ್ಟವರಿಗೆ ಬ್ರೌಸರ್‌ನ ಖಾಸಗಿ ವಿಂಡೋದಲ್ಲಿ ವೆಬ್ ಔಟ್‌ಲುಕ್ ತೆರೆದು ಅದೇ ಕ್ಯಾಲೆಂಡರ್ ನೋಡಲು ಹೇಳಿ. ಎರಡು ನಿಮಿಷದ ಕೆಲಸ, ಅರ್ಧ ದಿನ ಉಳಿಸುತ್ತದೆ.

ಅಲ್ಲಿ ಸರಿಯಾಗಿ ಕಂಡರೆ ಅನುಮತಿಯಲ್ಲಿ ತಪ್ಪಿಲ್ಲ, ಆ ಕಂಪ್ಯೂಟರ್‌ನಲ್ಲಿದೆ. ಪಟ್ಟಿಯಿಂದ ಆ ಕ್ಯಾಲೆಂಡರ್ ತೆಗೆದು ಮತ್ತೆ ಸೇರಿಸಿ. ಕ್ಲಾಸಿಕ್ ಔಟ್‌ಲುಕ್ (ಕಂಪ್ಯೂಟರ್‌ನಲ್ಲಿ ಬಳಸುವ ಹಳೆಯ ಆವೃತ್ತಿ) ಆದರೆ ಕ್ಯಾಲೆಂಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಜನರಲ್ ಟ್ಯಾಬ್‌ನಲ್ಲಿರುವ ‘ಕ್ಲಿಯರ್ ಆಫ್‌ಲೈನ್ ಐಟಮ್ಸ್’ ಒತ್ತಿ. ಜೊತೆಗೆ ಅಕೌಂಟ್ ಸೆಟ್ಟಿಂಗ್ಸ್, ಚೇಂಜ್, ಮೋರ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ದಾರಿಯಲ್ಲಿ ಹೋಗಿ ‘ಟರ್ನ್ ಆನ್ ಶೇರ್ಡ್ ಕ್ಯಾಲೆಂಡರ್ ಇಂಪ್ರೂವ್‌ಮೆಂಟ್ಸ್’ ಎಂಬಲ್ಲಿ ಟಿಕ್ ಇದೆಯೇ ನೋಡಿ. ಹಳೆಯ ಪದ್ಧತಿಯಲ್ಲಿ ಇನ್ನೊಬ್ಬರ ಕ್ಯಾಲೆಂಡರ್‌ನಲ್ಲಾದ ಬದಲಾವಣೆ ಬಂದು ಸೇರಲು ಬಹಳ ಹೊತ್ತು ಹಿಡಿಯುತ್ತಿತ್ತು. ಹೊಸದರಲ್ಲಿ ಬೇಗ ಬರುತ್ತದೆ.

‘ಕಂಪ್ಯೂಟರ್‌ನಲ್ಲಿದೆ, ಫೋನ್‌ನಲ್ಲಿ ಇಲ್ಲ’ ಎಂಬ ದೂರೂ ಸಾಮಾನ್ಯವಾಗಿ ಇದೇ ಜಾತಿಯದು. ಡೆಸ್ಕ್‌ಟಾಪ್‌ನಲ್ಲಿ ಡೈರೆಕ್ಟರಿಯಿಂದ ಹೆಸರು ಹುಡುಕಿ ತೆರೆದ ಕ್ಯಾಲೆಂಡರ್ ಹಳೆಯ ಪದ್ಧತಿಯಲ್ಲಿ ಆ ಯಂತ್ರಕ್ಕಷ್ಟೇ ಸೀಮಿತ. ಹಂಚಿಕೆಯ ಆಹ್ವಾನವನ್ನು ಮತ್ತೆ ಕಳಿಸಲು ಹೇಳಿ, ಅದನ್ನು ವೆಬ್ ಅಥವಾ ಫೋನ್ ಔಟ್‌ಲುಕ್‌ನಲ್ಲಿ ‘ಅಕ್ಸೆಪ್ಟ್’ ಮಾಡಿದರೆ ಎಲ್ಲ ಕಡೆ ಬರುತ್ತದೆ.

ಬ್ರೌಸರ್‌ನಲ್ಲೂ ಕಾಣದಿದ್ದರೆ ಅನುಮತಿಯ ಪಟ್ಟಿಯನ್ನೇ ನೋಡಬೇಕು. ನೋಡುವ ಮುನ್ನ ಯಾರಿಗೆ ಎಷ್ಟು ಕೊಡಬೇಕೆಂಬುದು ಗೊತ್ತಿರಲಿ.

ಔಟ್‌ಲುಕ್‌ನ ಐದು ಮೆಟ್ಟಿಲು

ವೆಬ್ ಔಟ್‌ಲುಕ್ ಮತ್ತು ಹೊಸ ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ‘ಶೇರಿಂಗ್ ಅಂಡ್ ಪರ್ಮಿಷನ್ಸ್’ ಸಿಗುತ್ತದೆ. ಕ್ಲಾಸಿಕ್‌ನಲ್ಲಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪರ್ಮಿಷನ್ಸ್ ಟ್ಯಾಬ್. ಎರಡು ಕಡೆ ಹೆಸರು ಬೇರೆ, ಹಿಂದಿರುವ ಅನುಮತಿ ಒಂದೇ. ಇದು ಗೊತ್ತಿಲ್ಲದೆ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಹುಡುಕುವವರು ಬಹಳ.

ಮೊದಲ ಮೆಟ್ಟಿಲಿನಲ್ಲಿ ಬ್ಯುಸಿ ಅಥವಾ ಫ್ರೀ ಎಂಬುದಷ್ಟೇ ಕಾಣುತ್ತದೆ, ಹಳೆಯ ಹೆಸರು ‘ಅವೈಲಬಿಲಿಟಿ ಓನ್ಲಿ’. ಎರಡನೆಯದರಲ್ಲಿ ಮೀಟಿಂಗ್‌ನ ಶೀರ್ಷಿಕೆ ಮತ್ತು ಜಾಗ ಕಾಣುತ್ತದೆ, ಇದು ‘ಲಿಮಿಟೆಡ್ ಡೀಟೇಲ್ಸ್’. ಮೂರನೆಯದರಲ್ಲಿ ಒಳಗಿನ ಟಿಪ್ಪಣಿ, ಬಂದವರ ಹೆಸರು ಎಲ್ಲವೂ ಓದಲು ಸಿಗುತ್ತದೆ, ಹೆಸರು ‘ರಿವ್ಯೂವರ್’. ನಾಲ್ಕನೆಯದು ‘ಕ್ಯಾನ್ ಎಡಿಟ್’, ಹಳೆಯ ಭಾಷೆಯಲ್ಲಿ ‘ಎಡಿಟರ್’. ಐದನೆಯದು ‘ಡೆಲಿಗೇಟ್’: ಎಡಿಟರ್‌ನ ಹಕ್ಕಿನ ಜೊತೆಗೆ ಕ್ಯಾಲೆಂಡರ್ ಒಡೆಯರಿಗೆ ಬರುವ ಮೀಟಿಂಗ್ ಆಹ್ವಾನಗಳನ್ನು ಪಡೆದು, ಅವರ ಪರವಾಗಿ ಉತ್ತರಿಸುವ ಅಧಿಕಾರ.

ಏನನ್ನೂ ಮುಟ್ಟದಿದ್ದರೆ ಸಂಸ್ಥೆಯೊಳಗಿನ ಎಲ್ಲರಿಗೂ ಮೊದಲ ಮೆಟ್ಟಿಲು ಇದ್ದೇ ಇರುತ್ತದೆ. ಹಾಗಾಗಿ ಹತ್ತಿಪ್ಪತ್ತು ಜನರ ತಂಡಕ್ಕೆ ಸಾಮಾನ್ಯವಾಗಿ ಸಾಕಾಗುವುದು ಎರಡನೆಯ ಮೆಟ್ಟಿಲು. ‘ಕ್ಲೈಂಟ್ ಭೇಟಿ, ವೈಟ್‌ಫೀಲ್ಡ್’ ಎಂಬುದು ಕಂಡರೆ ಸಾಕು, ಅದರೊಳಗೆ ಅಂಟಿಸಿದ ಸಂಬಳದ ಫೈಲ್ ಕಾಣಬೇಕಿಲ್ಲ. ಮೂರನೆಯದನ್ನು ಇಡೀ ಸಂಸ್ಥೆಗೆ ತೆರೆದಿಡುವುದು ಸೋಮಾರಿತನ. ಮೀಟಿಂಗ್ ಲಿಂಕುಗಳು, ಪಾಸ್‌ಕೋಡ್‌ಗಳು ಆಹ್ವಾನದ ಒಳಗೇ ಇರುತ್ತವೆ ಎಂಬುದನ್ನು ಮರೆಯಬಾರದು.

ಒಂದು ಎಚ್ಚರಿಕೆ: ಹೆಸರು ಹೇಳಿ ಕೊಟ್ಟ ಅನುಮತಿ ಇದ್ದರೆ ‘ಡಿಫಾಲ್ಟ್’ ಸಾಲು, ಅಂದರೆ ಸಂಸ್ಥೆಯ ಎಲ್ಲರಿಗೂ ಅನ್ವಯಿಸುವ ಅನುಮತಿ, ಆ ವ್ಯಕ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ವಿವರ ಕಾಣುತ್ತಿದ್ದು ಒಬ್ಬರಿಗೆ ಮಾತ್ರ ಕಾಣದಿದ್ದರೆ, ಹಿಂದೆಂದೋ ಅವರ ಹೆಸರಿಗೆ ‘ನನ್’ (ಯಾವ ಅನುಮತಿಯೂ ಇಲ್ಲ) ಎಂದು ಹಾಕಿದ ಸಾಲು ಅಲ್ಲೇ ಉಳಿದಿರುತ್ತದೆ. ಡಿಫಾಲ್ಟ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಆ ಸಾಲನ್ನು ತೆಗೆಯಬೇಕು.

ಎಡಿಟರೋ ಡೆಲಿಗೇಟೋ

ಹೆಚ್ಚು ತಪ್ಪು ನಡೆಯುವ ಆಯ್ಕೆ ಇದು. ಪಿಎ ಆದವರು ಸಾಹೇಬರ ದಿನಚರಿಯಲ್ಲಿ ಹೊತ್ತು ಗುರುತು ಹಾಕಿದರೆ ಸಾಕು ಎಂದಾದರೆ ಎಡಿಟರ್ ಕೊಡಿ. ಬಂದ ಆಹ್ವಾನಗಳನ್ನು ಒಪ್ಪುವುದು, ತಳ್ಳುವುದು, ಹೊರಗಿನವರಿಗೆ ಸಾಹೇಬರ ಹೆಸರಿನಲ್ಲಿ ಮೀಟಿಂಗ್ ಕರೆಯುವುದು ಇವೆಲ್ಲ ಅವರ ಕೆಲಸವಾದರೆ ಡೆಲಿಗೇಟ್ ಬೇಕು.

ಕಾರಣ, ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಬೇರೆ, ಇನ್ನೊಬ್ಬರ ಪರವಾಗಿ ಮೇಲ್ ಕಳಿಸುವ ಹಕ್ಕು ಬೇರೆ. ಎರಡನೆಯದಕ್ಕೆ ‘ಸೆಂಡ್ ಆನ್ ಬಿಹಾಫ್’ ಎಂದು ಹೆಸರು. ಡೆಲಿಗೇಟ್ ಮಾಡಿದಾಗ ಎರಡೂ ಒಟ್ಟಿಗೆ ಬರುತ್ತವೆ. ‘ಯೂ ಕಾಂಟ್ ಸೆಂಡ್ ಎ ಮೆಸೇಜ್ ಆನ್ ಬಿಹಾಫ್ ಆಫ್ ದಿಸ್ ಯೂಸರ್’ ಎಂಬ ಒಕ್ಕಣೆಯ ವಾಪಸ್ ಮೇಲ್ ಬಂದರೆ ಈ ಎರಡನೆಯ ಹಕ್ಕು ಇಲ್ಲ ಎಂದರ್ಥ. ಅಲ್ಲಿ ಎಡಿಟರ್ ತೆಗೆದು ಓನರ್ ಕೊಟ್ಟರೂ ಮೇಲ್ ಹೋಗುವುದಿಲ್ಲ. ಓನರ್ ಎಂಬುದೂ ಫೋಲ್ಡರ್‌ನ ಹಕ್ಕೇ.

ಡೆಲಿಗೇಟ್‌ಗೆ ಮಿತಿಗಳೂ ಇವೆ. ಮೇಲ್‌ಬಾಕ್ಸ್‌ನ ಮುಖ್ಯ ಕ್ಯಾಲೆಂಡರ್‌ಗೆ ಮಾತ್ರ ಡೆಲಿಗೇಟ್ ಸಾಧ್ಯ. ನೀವೇ ಮಾಡಿಕೊಂಡ ‘ಪ್ರವಾಸ’, ‘ತಂಡದ ರಜೆ’ ಮುಂತಾದ ಎರಡನೆಯ ಕ್ಯಾಲೆಂಡರ್‌ಗಳಿಗೆ ಎಡಿಟರ್‌ವರೆಗೆ ಅಷ್ಟೇ. ಸಂಸ್ಥೆಯ ಹೊರಗಿನವರನ್ನು ಡೆಲಿಗೇಟ್ ಮಾಡಲಾಗದು. ಒಬ್ಬರಿಗಿಂತ ಹೆಚ್ಚು ಡೆಲಿಗೇಟ್ ಇಟ್ಟು, ಸಾಹೇಬರೂ ಫೋನ್‌ನಿಂದ ಅದೇ ಆಹ್ವಾನಕ್ಕೆ ಉತ್ತರಿಸುತ್ತಿದ್ದರೆ ಮೀಟಿಂಗ್‌ಗಳು ಎರಡೆರಡು ಬಾರಿ ಕಾಣುವುದು, ಕಾಣೆಯಾಗುವುದು ಶುರುವಾಗುತ್ತದೆ. ಆಹ್ವಾನಕ್ಕೆ ಉತ್ತರಿಸುವವರು ಒಬ್ಬರೇ ಇರಲಿ. ಆಹ್ವಾನ ಯಾರಿಗೆ ಹೋಗಬೇಕೆಂಬ ಆಯ್ಕೆಯಲ್ಲಿ ‘ಡೆಲಿಗೇಟ್‌ಗೆ ಮಾತ್ರ, ನನಗೊಂದು ಪ್ರತಿ’ ಎಂಬುದನ್ನು ಆರಿಸಿದರೆ ಗೊಂದಲ ಕಡಿಮೆ.

ಖಾಸಗಿ ಎಂದು ಗುರುತು ಹಾಕಿದ ಅಪಾಯಿಂಟ್‌ಮೆಂಟ್‌ಗಳು ಡೆಲಿಗೇಟ್‌ಗೆ ತಾನಾಗಿ ಕಾಣುವುದಿಲ್ಲ, ಅದಕ್ಕೆ ಬೇರೆ ಟಿಕ್ ಇದೆ. ಆದರೆ ಬೀಗವಿದೆ ಎಂದು ನಂಬಿ ಕೂರಬೇಡಿ. ಓದುವ ಅನುಮತಿ ಇದ್ದವರು ಬೇರೆ ಮೇಲ್ ಆ್ಯಪ್ ಅಥವಾ ಪ್ರೋಗ್ರಾಂ ಮೂಲಕ ಆ ವಿವರ ನೋಡಲು ಸಾಧ್ಯವಿದೆ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಡಾಕ್ಟರ್ ಅಪಾಯಿಂಟ್‌ಮೆಂಟ್, ಬೇರೆ ಕಂಪನಿಯ ಇಂಟರ್‌ವ್ಯೂ ಇವುಗಳ ಜಾಗ ಸ್ವಂತ ಕ್ಯಾಲೆಂಡರ್.

ಪಟ್ಟಿಯನ್ನು ಓದುವುದು ಹೇಗೆ

ಪರದೆಯ ಮೇಲಿನ ಸೆಟ್ಟಿಂಗ್ ಪುಟ ಕೆಲವೊಮ್ಮೆ ಎಲ್ಲ ಸಾಲನ್ನೂ ತೋರಿಸುವುದಿಲ್ಲ. ಅಡ್ಮಿನ್ ಆದವರು ಔಟ್‌ಲುಕ್‌ನ ಹಿಂದಿರುವ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಪವರ್‌ಶೆಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ವಿಂಡೋ) ‘ಗೆಟ್-ಮೇಲ್‌ಬಾಕ್ಸ್‌ಫೋಲ್ಡರ್‌ಪರ್ಮಿಷನ್’ ಆಜ್ಞೆ ಕೊಟ್ಟು, ಅದರ ಮುಂದೆ ಮೇಲ್ ವಿಳಾಸ, ಕೋಲನ್, ಹಿಂದೋರೆ ಗೆರೆ, ಕ್ಯಾಲೆಂಡರ್ ಎಂದು ಬರೆಯಬೇಕು. (ಇಲ್ಲಿ ಕನ್ನಡದಲ್ಲಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.) ಬರುವ ಉತ್ತರ ಹೀಗಿರುತ್ತದೆ:

ಡಿಫಾಲ್ಟ್ — ಅವೈಲಬಿಲಿಟಿಓನ್ಲಿ
ಅನಾನಿಮಸ್ — ನನ್
ಪಿಎ — ಎಡಿಟರ್ — ಡೆಲಿಗೇಟ್
ಹಣಕಾಸು ಮ್ಯಾನೇಜರ್ — ರಿವ್ಯೂವರ್
ಎನ್‌ಟಿ ಯೂಸರ್:ಎಸ್-1-5-21-… — ಎಡಿಟರ್

ಮೊದಲ ಸಾಲು ಸಂಸ್ಥೆಯೊಳಗಿನ ಎಲ್ಲರದು, ಎರಡನೆಯದು ಹೊರಗಿನ ಅನಾಮಿಕರದು. ಮೂರನೆಯದರಲ್ಲಿ ಎಡಿಟರ್ ಪಕ್ಕದಲ್ಲಿ ಡೆಲಿಗೇಟ್ ಎಂಬ ಗುರುತು ಇದೆ, ಇದಿಲ್ಲದಿದ್ದರೆ ಆಕೆ ಬರೀ ಎಡಿಟರ್. ತೊಂದರೆ ಇರುವುದು ಕೊನೆಯ ಸಾಲಿನಲ್ಲಿ. ಹೆಸರಿನ ಜಾಗದಲ್ಲಿ ಉದ್ದನೆಯ ಸಂಖ್ಯೆ ಇದ್ದರೆ, ಕೆಲಸ ಬಿಟ್ಟು ಹೋದ ಯಾರದೋ ಖಾತೆ ಅಳಿಸಿ ಹೋಗಿದೆ, ಅನುಮತಿ ಮಾತ್ರ ಉಳಿದಿದೆ ಎಂದರ್ಥ. ಹೊಸಬರೊಬ್ಬರಿಗೆ ಹಂಚಲು ಹೋದಾಗ ‘ಎರರ್ ವೈಲ್ ಪ್ರಿಪೇರಿಂಗ್ ಟು ಸೆಂಡ್ ಶೇರಿಂಗ್ ಮೆಸೇಜ್’ ಎಂದು ಔಟ್‌ಲುಕ್ ತಕರಾರು ಮಾಡಲು ಇಂಥ ಸತ್ತ ಸಾಲು ಅಥವಾ ಒಂದೇ ಹೆಸರಿನ ಎರಡು ಸಾಲು ಸಾಮಾನ್ಯ ಕಾರಣ. ಕ್ಲಾಸಿಕ್‌ನ ಪರ್ಮಿಷನ್ಸ್ ಟ್ಯಾಬ್‌ನಲ್ಲಿ ಆ ಸಾಲುಗಳನ್ನು ಆರಿಸಿ ‘ರಿಮೂವ್’ ಮಾಡಿ, ಅಪ್ಲೈ ಒತ್ತಿ, ಮತ್ತೆ ಹಂಚಿ ನೋಡಿ.

ಅನುಮತಿ ಬದಲಿಸುವ ಆಜ್ಞೆಗಳು ಎರಡು, ಅವುಗಳ ವ್ಯತ್ಯಾಸ ಗೊತ್ತಿಲ್ಲದೆ ಹೊಸ ದೋಷ ತಂದುಕೊಳ್ಳುವವರಿದ್ದಾರೆ. ‘ಆ್ಯಡ್’ ಇಂದ ಶುರುವಾಗುವುದು ಪಟ್ಟಿಯಲ್ಲಿ ಇಲ್ಲದವರಿಗೆ. ಈಗಾಗಲೇ ಹೆಸರಿದ್ದರೆ ‘ಎಕ್ಸಿಸ್ಟಿಂಗ್ ಪರ್ಮಿಷನ್ ಎಂಟ್ರಿ ವಾಸ್ ಫೌಂಡ್’ ಎಂದು ನಿಲ್ಲುತ್ತದೆ. ‘ಸೆಟ್’ ಇಂದ ಶುರುವಾಗುವುದು ಇದ್ದವರ ಹಂತ ಬದಲಿಸಲು. ಹೆಸರಿಲ್ಲದಿದ್ದರೆ ‘ನೋ ಎಕ್ಸಿಸ್ಟಿಂಗ್ ಪರ್ಮಿಷನ್ ಎಂಟ್ರಿ’ ಎನ್ನುತ್ತದೆ. ಡಿಫಾಲ್ಟ್ ಸಾಲು ಯಾವಾಗಲೂ ಇರುವುದರಿಂದ ಅದಕ್ಕೆ ಸೆಟ್ ಬಳಸಬೇಕು. ಆ್ಯಡ್ ಮಾಡಿದಾಗ ಆ ವ್ಯಕ್ತಿಗೆ ಮೇಲ್ ಹೋಗುವುದಿಲ್ಲ, ಹೋಗಬೇಕಾದರೆ ‘ಸೆಂಡ್‌ನೋಟಿಫಿಕೇಷನ್‌ಟುಯೂಸರ್’ ಎಂಬುದನ್ನು ಟ್ರೂ ಮಾಡಬೇಕು. ‘ಅನುಮತಿ ಕೊಟ್ಟಿದ್ದೀವಿ ಅಂತೀರಿ, ನನಗೇನೂ ಬಂದಿಲ್ಲ’ ಎಂಬ ಜಗಳದ ಮೂಲ ಇದೇ.

ಫೋಲ್ಡರ್ ಸಿಗುತ್ತಿಲ್ಲ ಎಂದು ಆಜ್ಞೆ ಹೇಳಿದರೆ ಗಾಬರಿ ಬೇಡ. ಮೇಲ್‌ಬಾಕ್ಸ್‌ನ ಭಾಷೆಯನ್ನು ಬೇರೆ ಭಾಷೆಗೆ ಬದಲಿಸುವಾಗ ಫೋಲ್ಡರ್‌ಗಳ ಹೆಸರನ್ನೂ ಬದಲಿಸುವ ಟಿಕ್ ಒಂದಿದೆ. ಜರ್ಮನ್ ಮಾಡಿಕೊಂಡವರಲ್ಲಿ ಅದು ‘ಕಲೆಂಡರ್’ ಆಗಿರುತ್ತದೆ, ಇಂಗ್ಲಿಷ್ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಕನ್ನಡ ಇಟ್ಟುಕೊಂಡವರ ಪೆಟ್ಟಿಗೆಯನ್ನೂ ಇದೇ ಸಂಶಯದಿಂದ ನೋಡಿ. ‘ಗೆಟ್-ಮೇಲ್‌ಬಾಕ್ಸ್‌ಫೋಲ್ಡರ್‌ಸ್ಟ್ಯಾಟಿಸ್ಟಿಕ್ಸ್’ ಆಜ್ಞೆಗೆ ‘ಫೋಲ್ಡರ್‌ಸ್ಕೋಪ್ ಕ್ಯಾಲೆಂಡರ್’ ಎಂದು ಸೇರಿಸಿದರೆ ಅಸಲಿ ಹೆಸರು ಸಿಗುತ್ತದೆ.

ತಂಡಕ್ಕೆ ಒಟ್ಟಿಗೆ ಅನುಮತಿ ಕೊಡಲು ಹೋಗಿ ‘ಯೂಸರ್ ಸಿಗುತ್ತಿಲ್ಲ’ ಎಂದು ಬಂದರೆ ಗುಂಪಿನ ಜಾತಿ ನೋಡಿ. ಕ್ಯಾಲೆಂಡರ್ ಫೋಲ್ಡರ್‌ಗೆ ಅನುಮತಿ ಕೊಡಲು ಆಗುವುದು ಮೇಲ್-ಎನೇಬಲ್ಡ್ ಸೆಕ್ಯುರಿಟಿ ಗ್ರೂಪ್‌ಗೆ, ಅಂದರೆ ಅನುಮತಿ ಕೊಡಲೆಂದೇ ಮಾಡಿದ, ಮೇಲ್ ವಿಳಾಸವೂ ಇರುವ ಗುಂಪಿಗೆ. ಬರೀ ಮೇಲ್ ಹಂಚುವ ಡಿಸ್ಟ್ರಿಬ್ಯೂಷನ್ ಲಿಸ್ಟ್ ಅಥವಾ ಮೈಕ್ರೋಸಾಫ್ಟ್ 365 ಗ್ರೂಪ್ ಇದಕ್ಕೆ ಬರುವುದಿಲ್ಲ.

ಅನುಮತಿ ಅಲ್ಲ, ದಾರಿಯೇ ಬೇರೆ ಬೇಕಿರಬಹುದು

ಹಲವು ದೋಷಗಳು ಹುಟ್ಟುವುದು ಒಬ್ಬರ ಸ್ವಂತ ಕ್ಯಾಲೆಂಡರ್ ಅನ್ನು ಇಡೀ ವಿಭಾಗದ ನೋಟಿಸ್ ಬೋರ್ಡ್ ಮಾಡಿಕೊಂಡಾಗ. ಎಚ್ಆರ್ ವಿಭಾಗದ ಒಬ್ಬರ ಹೆಸರಿನಲ್ಲಿ ‘ರಜೆ ಕ್ಯಾಲೆಂಡರ್’ ಇರುತ್ತದೆ, ಅವರು ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ತಂಡದ ಎಲ್ಲರೂ ಬರೆಯಬೇಕು, ಯಾರೂ ಒಡೆಯರಲ್ಲ ಎಂದಾದರೆ ಮೈಕ್ರೋಸಾಫ್ಟ್ 365 ಗ್ರೂಪ್‌ನ ಕ್ಯಾಲೆಂಡರ್ ಸರಿ. ಸದಸ್ಯರಾದರೆ ಸಾಕು, ಬೇರೆ ಅನುಮತಿ ಬೇಡ. ಆದರೆ ಅಲ್ಲಿ ಮೆಟ್ಟಿಲುಗಳಿಲ್ಲ: ಐದು ಜನ ಬರೆಯಲಿ, ಹದಿನೈದು ಜನ ಓದಲಿ ಎಂಬುದು ಆಗದು. ಸದಸ್ಯರೆಲ್ಲರಿಗೂ ಓದಲು ಮಾತ್ರ ಎಂದು ಅಡ್ಮಿನ್ ಮಾಡಬಹುದು, ಅಷ್ಟೇ.

ಐದು ಜನ ಬರೆಯಬೇಕು, ಉಳಿದವರು ಓದಬೇಕು ಎಂದರೆ ಶೇರ್ಡ್ ಮೇಲ್‌ಬಾಕ್ಸ್ (ಒಬ್ಬರ ಹೆಸರಿಗಲ್ಲದೆ ಹಲವರು ಸೇರಿ ಬಳಸುವ ಮೇಲ್ ಪೆಟ್ಟಿಗೆ) ಒಳ್ಳೆಯದು. 50 ಜಿಬಿವರೆಗೆ ಅದಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ. ಅದರ ಕ್ಯಾಲೆಂಡರ್ ಫೋಲ್ಡರ್‌ಗೆ ಐವರಿಗೆ ಎಡಿಟರ್, ಡಿಫಾಲ್ಟ್‌ಗೆ ರಿವ್ಯೂವರ್ ಕೊಡಿ. ಎಲ್ಲರಿಗೂ ಫುಲ್ ಆ್ಯಕ್ಸೆಸ್ (ಇಡೀ ಪೆಟ್ಟಿಗೆ ತೆರೆಯುವ ಹಕ್ಕು) ಕೊಡುವುದು ಸುಲಭ ಅನ್ನಿಸುತ್ತದೆ. ಆಗ ಆ ಪೆಟ್ಟಿಗೆಯ ಮೇಲ್‌ಗಳೂ ಎಲ್ಲರ ಕೈಗೆ ಸಿಗುತ್ತವೆ. ಫುಲ್ ಆ್ಯಕ್ಸೆಸ್ ಕೊಟ್ಟರೂ ಪೆಟ್ಟಿಗೆ ತಾನಾಗಿ ಔಟ್‌ಲುಕ್‌ನಲ್ಲಿ ಬರುತ್ತಿಲ್ಲವೆಂದರೆ, ಅದನ್ನು ಗುಂಪಿಗೆ ಕೊಟ್ಟಿರಬಹುದು. ತಾನಾಗಿ ಬರುವುದು ವ್ಯಕ್ತಿಯ ಹೆಸರಿಗೇ ಕೊಟ್ಟಾಗ ಮಾತ್ರ, ಅದಕ್ಕೂ ಒಂದು ಗಂಟೆ ಕಾಯುವುದು ಒಳ್ಳೆಯದು.

ಫುಲ್ ಆ್ಯಕ್ಸೆಸ್ ಇಲ್ಲದೆ, ಇನ್ನೊಬ್ಬರ ಮೇಲ್‌ಬಾಕ್ಸ್ ಅನ್ನು ಹೆಚ್ಚುವರಿ ಪೆಟ್ಟಿಗೆಯಾಗಿ ಸೇರಿಸಿಕೊಂಡು ಅದರೊಳಗಿನ ಕ್ಯಾಲೆಂಡರ್ ತೆರೆಯಲು ಹೋದರೆ ‘ಕೆನಾಟ್ ಎಕ್ಸ್‌ಪ್ಯಾಂಡ್ ದಿ ಫೋಲ್ಡರ್’ ಎಂದು ಬರುತ್ತದೆ. ಕ್ಯಾಲೆಂಡರ್‌ಗೆ ಅನುಮತಿ ಇದೆ, ಆದರೆ ಅದರ ಮೇಲಿನ, ಪೆಟ್ಟಿಗೆಯ ಹೆಸರಿರುವ ಬೇರಿನ ಫೋಲ್ಡರ್‌ಗೆ ಇಲ್ಲ. ಅಲ್ಲಿ ‘ಫೋಲ್ಡರ್ ವಿಸಿಬಲ್’ ಒಂದನ್ನು ಟಿಕ್ ಮಾಡಿದರೆ ಬಾಗಿಲು ತೆರೆಯುತ್ತದೆ.

ಮೀಟಿಂಗ್ ರೂಮ್: ದೋಷದ ವೇಷದಲ್ಲಿರುವ ಸೆಟ್ಟಿಂಗ್

ಬೋರ್ಡ್ ರೂಮ್‌ನ ಕ್ಯಾಲೆಂಡರ್‌ಗೆ ಎಲ್ಲರಿಗೂ ರಿವ್ಯೂವರ್ ಕೊಟ್ಟಾಯಿತು. ಆದರೂ ಮೀಟಿಂಗ್‌ನ ವಿಷಯ ಕಾಣುವುದಿಲ್ಲ, ಬುಕ್ ಮಾಡಿದವರ ಹೆಸರಷ್ಟೇ ಕಾಣುತ್ತದೆ. ಅನುಮತಿ ಏರಿಸುತ್ತಾ ಹೋಗಿ ಕೊನೆಗೆ ಓನರ್ ಕೊಟ್ಟರೂ ಅದೇ.

ಅನುಮತಿಯಲ್ಲಿ ತಪ್ಪಿಲ್ಲ. ಎಕ್ಸ್‌ಚೇಂಜ್‌ನಲ್ಲಿ ರೂಮ್ ಮೇಲ್‌ಬಾಕ್ಸ್ ಬುಕಿಂಗ್ ಒಪ್ಪಿಕೊಳ್ಳುವಾಗಲೇ ವಿಷಯವನ್ನು ಅಳಿಸಿ, ಆ ಜಾಗದಲ್ಲಿ ಕರೆದವರ ಹೆಸರು ಬರೆಯುತ್ತದೆ. ‘ಡಿಲೀಟ್‌ಸಬ್ಜೆಕ್ಟ್’ ಮತ್ತು ‘ಆ್ಯಡ್‌ಆರ್ಗನೈಜರ್‌ಟುಸಬ್ಜೆಕ್ಟ್’ ಎಂಬ ಎರಡೂ ಮೊದಲಿನಿಂದಲೇ ಟ್ರೂ ಆಗಿರುತ್ತವೆ. ‘ಸೆಟ್-ಕ್ಯಾಲೆಂಡರ್‌ಪ್ರೊಸೆಸಿಂಗ್’ ಆಜ್ಞೆಯಲ್ಲಿ ಎರಡನ್ನೂ ಫಾಲ್ಸ್ ಮಾಡಿ, ಡಿಫಾಲ್ಟ್ ಅನುಮತಿಯನ್ನು ಲಿಮಿಟೆಡ್ ಡೀಟೇಲ್ಸ್‌ಗೆ ಇಳಿಸಿ. ಇನ್ನು ಮುಂದೆ ಬರುವ ಬುಕಿಂಗ್‌ಗಳಿಗೆ ವಿಷಯ ಕಾಣುತ್ತದೆ. ಹಳೆಯವುಗಳಲ್ಲಿ ಅಳಿಸಿ ಹೋದ ವಿಷಯ ಮರಳಿ ಬರದು.

ವಿಷಯ ಕಾಣಲೇಬೇಕೇ ಎಂಬುದನ್ನೂ ಯೋಚಿಸಿ. ‘ವಜಾ ಮಾತುಕತೆ’ ಎಂದು ಎಚ್ಆರ್‌ನವರು ಬುಕ್ ಮಾಡಿದ ರೂಮ್‌ನ ಬಾಗಿಲಲ್ಲಿ ಟ್ಯಾಬ್ಲೆಟ್ ತೂಗುಹಾಕಿರುವ ಕಚೇರಿಗಳಿವೆ.

ರೂಮ್ ಬುಕಿಂಗ್ ತಿರಸ್ಕಾರವನ್ನೂ ಜನ ಪರ್ಮಿಷನ್ ದೋಷ ಎನ್ನುತ್ತಾರೆ. ಅದಕ್ಕೆ ಹೆಚ್ಚಿನ ಸಲ ಕಾರಣ ದಿನಗಳ ಮಿತಿ. ಮೊದಲಿನಿಂದ ಇರುವ ಲೆಕ್ಕದಂತೆ 180 ದಿನಗಳಾಚೆಗೆ ಬುಕ್ ಮಾಡಲಾಗದು, ಒಂದೇ ಮೀಟಿಂಗ್ 1440 ನಿಮಿಷ, ಅಂದರೆ 24 ಗಂಟೆ ಮೀರುವಂತಿಲ್ಲ. ವರ್ಷಪೂರ್ತಿ ಸೋಮವಾರದ ರಿವ್ಯೂ ಮೀಟಿಂಗ್ ಹಾಕಿದವರಿಗೆ ರೂಮ್ ‘ಇಲ್ಲ’ ಎನ್ನುವುದು ಇದಕ್ಕೇ.

ಹೊರಗಿನವರಿಗೆ ಹಂಚುವಾಗ

ಇಲ್ಲಿ ಎರಡು ಬಾಗಿಲು ದಾಟಬೇಕು. ನೀವು ಕೊಟ್ಟ ಅನುಮತಿ ಒಂದು, ಸಂಸ್ಥೆ ಒಪ್ಪುವ ಗರಿಷ್ಠ ಮಿತಿ ಇನ್ನೊಂದು. ‘ಪಾಲಿಸಿ ಡಸ್ ನಾಟ್ ಅಲೌ ಗ್ರಾಂಟಿಂಗ್ ಪರ್ಮಿಷನ್ಸ್ ಅಟ್ ದಿಸ್ ಲೆವೆಲ್’ ಎಂದು ಬಂದರೆ ಎರಡನೆಯ ಬಾಗಿಲು ಮುಚ್ಚಿದೆ. ನೀವೇ ಮಾಡಬಹುದಾದದ್ದು ಒಂದೇ: ಒಂದು ಮೆಟ್ಟಿಲು ಇಳಿಸಿ ಮತ್ತೆ ಕಳಿಸುವುದು. ಮಿತಿಯನ್ನೇ ಏರಿಸಬೇಕಾದರೆ ಅಡ್ಮಿನ್ ಆದವರು ಮೈಕ್ರೋಸಾಫ್ಟ್ 365ರ ಅಡ್ಮಿನ್ ಸೆಂಟರ್‌ನಲ್ಲಿ ಸೆಟ್ಟಿಂಗ್ಸ್, ಆರ್ಗ್ ಸೆಟ್ಟಿಂಗ್ಸ್, ಕ್ಯಾಲೆಂಡರ್ ಎಂಬಲ್ಲಿ ಬದಲಿಸಬೇಕು. ಇನ್ನೂ ಸೂಕ್ಷ್ಮವಾಗಿ ಒಂದೊಂದು ಡೊಮೈನ್‌ಗೆ ಒಂದೊಂದು ಮಿತಿ ಇಡಲು ಎಕ್ಸ್‌ಚೇಂಜ್‌ನ ಶೇರಿಂಗ್ ಪಾಲಿಸಿ ಇದೆ. ಎಷ್ಟೇ ಏರಿಸಿದರೂ ಪಾಲಿಸಿಯಿಂದ ಕೊಡಲಾಗುವುದು ಓದುವ ಹಕ್ಕಿನವರೆಗೆ.

‘ಕ್ಯಾಲೆಂಡರ್ ಶೇರಿಂಗ್ ಈಸ್ ನಾಟ್ ಅವೈಲಬಲ್ ವಿತ್ ದಿ ಫಾಲೋಯಿಂಗ್ ಎಂಟ್ರೀಸ್’ ಎಂಬುದು ಇದರ ಸಹೋದರ ದೋಷ, ಆದರೆ ಸಹೋದ್ಯೋಗಿಗೆ ಹಂಚುವಾಗಲೂ ಬಂದು ತಲೆ ಕೆಡಿಸುತ್ತದೆ. ಆಗ ಕಾರಣ ಬೇರೆ: ಟು ಕಾಲಂನಲ್ಲಿ ಮೂರಕ್ಷರ ಹೊಡೆದೊಡನೆ ಔಟ್‌ಲುಕ್ ತಾನೇ ತುಂಬಿದ ಹಳೆಯ ವಿಳಾಸ. ಮೇಲ್‌ಬಾಕ್ಸ್ ಬದಲಾದ ಮೇಲೂ ಆ ನೆನಪು ಉಳಿದಿರುತ್ತದೆ. ಸಲಹೆಯ ಪಕ್ಕದ ಗುಣಿಸು ಗುರುತು ಒತ್ತಿ ಅಳಿಸಿ, ವಿಳಾಸ ಪಟ್ಟಿಯಿಂದ ಹೆಸರು ಆರಿಸಿ.

ಯಾರು ಯಾವ ಮೇಲ್ ಬಳಸಿದರೂ ನೋಡುವಂತಿರಬೇಕು ಎಂದರೆ ಪಬ್ಲಿಷ್ ಮಾಡಿ ಐಸಿಎಸ್ ಲಿಂಕ್ (ಯಾವ ಕ್ಯಾಲೆಂಡರ್ ಆ್ಯಪ್‌ನಲ್ಲಾದರೂ ಸೇರಿಸಿಕೊಳ್ಳಬಹುದಾದ ವೆಬ್ ವಿಳಾಸ) ಕೊಡಬಹುದು. ಇದು ತರಬೇತಿ ವೇಳಾಪಟ್ಟಿ, ರಜಾದಿನಗಳಿಗೆ ಹೊಂದುತ್ತದೆ, ಒಬ್ಬರ ದಿನಚರಿಗೆ ಹೊಂದುವುದಿಲ್ಲ. ಲಿಂಕ್ ಸಿಕ್ಕವರೆಲ್ಲ ನೋಡಬಹುದು. ಬದಲಾವಣೆ ಇನ್ನೊಂದು ಕಡೆ ತಲುಪಲು ಗಂಟೆಗಳೇ ಬೇಕು, ಕೆಲವೊಮ್ಮೆ ಒಂದು ದಿನ ದಾಟುತ್ತದೆ. ‘ಬೆಳಗ್ಗೆ ಬದಲಿಸಿದ್ದು ಸಂಜೆಯಾದರೂ ಬಂದಿಲ್ಲ’ ಎಂಬುದು ಇಲ್ಲಿ ದೋಷವಲ್ಲ, ಅದರ ಸ್ವಭಾವ. ಪಬ್ಲಿಷ್ ಆಯ್ಕೆಯೇ ಕಾಣದಿದ್ದರೆ ಶೇರಿಂಗ್ ಪಾಲಿಸಿಯಲ್ಲಿ ಅನಾನಿಮಸ್ ಸಾಲನ್ನು ತೆಗೆದಿದ್ದಾರೆ.

ಮೀಟಿಂಗ್ ಹಾಕುವಾಗ ಶೆಡ್ಯೂಲಿಂಗ್ ಅಸಿಸ್ಟೆಂಟ್‌ನಲ್ಲಿ ಒಬ್ಬರ ಸಾಲು ಮಾತ್ರ ಓರೆಗೆರೆಗಳಿಂದ ತುಂಬಿದ್ದರೆ ಅವರ ಫ್ರೀ-ಬ್ಯುಸಿ ಮಾಹಿತಿ ಸಿಗುತ್ತಿಲ್ಲ. ಒಳಗಿನವರಾದರೆ ಅವರ ಡಿಫಾಲ್ಟ್ ಸಾಲು ‘ನನ್’ ಆಗಿದೆಯೇ ಮೊದಲು ನೋಡಿ.

ಗೂಗಲ್‌ನಲ್ಲಿ ಲೆಕ್ಕ ಸರಳ, ಮಿತಿ ಬಿಗಿ

ಗೂಗಲ್ ಕ್ಯಾಲೆಂಡರ್‌ನಲ್ಲಿ ಮುಖ್ಯ ಹಂತ ನಾಲ್ಕು: ಫ್ರೀ-ಬ್ಯುಸಿ ಮಾತ್ರ, ಎಲ್ಲ ವಿವರ, ಬದಲಾವಣೆ ಮಾಡುವ ಹಕ್ಕು, ಬದಲಾವಣೆಯ ಜೊತೆಗೆ ಹಂಚಿಕೆಯನ್ನೂ ನಿರ್ವಹಿಸುವ ಹಕ್ಕು. ಔಟ್‌ಲುಕ್‌ನ ಎರಡನೆಯ ಮೆಟ್ಟಿಲು, ಅಂದರೆ ಶೀರ್ಷಿಕೆ ಮತ್ತು ಜಾಗ ಮಾತ್ರ ತೋರಿಸುವುದು, ಇಲ್ಲಿಲ್ಲ. ತಂಡಗಳಿಗೆ ಅತಿ ಉಪಯುಕ್ತವಾದ ಮೆಟ್ಟಿಲೇ ಇಲ್ಲ ಎಂಬುದು ಔಟ್‌ಲುಕ್‌ನಿಂದ ಬಂದವರಿಗೆ ಮೊದಲು ಚುಚ್ಚುವ ಕೊರತೆ.

ಡೆಲಿಗೇಟ್ ಎಂಬ ಪ್ರತ್ಯೇಕ ಹಂತವೂ ಇಲ್ಲ. ಬದಲಾವಣೆಯ ಹಕ್ಕು ಇದ್ದವರು ಆಹ್ವಾನಗಳಿಗೆ ಉತ್ತರಿಸಬಹುದು, ಖಾಸಗಿ ಎಂದು ಗುರುತು ಹಾಕಿದ ಕಾರ್ಯಕ್ರಮಗಳ ವಿವರವನ್ನೂ ನೋಡಬಹುದು. ಜಿಮೇಲ್‌ನ ಡೆಲಿಗೇಷನ್ ಕೊಟ್ಟರೆ ಕ್ಯಾಲೆಂಡರ್ ಬರುವುದಿಲ್ಲ, ಅದು ಮೇಲ್‌ಗೆ ಮಾತ್ರ. ಪಿಎಗೆ ಎರಡನ್ನೂ ಬೇರೆ ಬೇರೆ ಕೊಡಬೇಕು.

ಹಂಚಿಕೆಯ ಸೆಟ್ಟಿಂಗ್ ಫೋನ್ ಆ್ಯಪ್‌ನಲ್ಲಿ ಸಿಗುವುದಿಲ್ಲ, ಕಂಪ್ಯೂಟರ್ ಬ್ರೌಸರ್‌ನಲ್ಲೇ ಮಾಡಬೇಕು. ಅಲ್ಲಿ ಮೇಲಿನ ಹಂತಗಳು ಬೂದುಬಣ್ಣಕ್ಕೆ ತಿರುಗಿದ್ದರೆ, ಅಥವಾ ಎಲ್ಲ ವಿವರ ಕೊಟ್ಟರೂ ಹೊರಗಿನವರಿಗೆ ‘ಬ್ಯುಸಿ’ ಮಾತ್ರ ಕಂಡರೆ ಅಡ್ಮಿನ್ ಇಟ್ಟ ಮಿತಿ ಎಂದು ತಿಳಿಯಿರಿ. ಅಡ್ಮಿನ್ ಕನ್ಸೋಲ್‌ನಲ್ಲಿ ಆ್ಯಪ್ಸ್, ಗೂಗಲ್ ವರ್ಕ್‌ಸ್ಪೇಸ್, ಕ್ಯಾಲೆಂಡರ್, ಶೇರಿಂಗ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೊರಗಿನ ಹಂಚಿಕೆಯ ಮಿತಿ ಇದೆ. ಮೊದಲಿನಿಂದ ಇರುವುದು ಫ್ರೀ-ಬ್ಯುಸಿ ಮಾತ್ರ. ಪ್ರತಿಯೊಬ್ಬರ ಮುಖ್ಯ ಕ್ಯಾಲೆಂಡರ್‌ಗೂ, ನಂತರ ಮಾಡಿಕೊಂಡ ಹೆಚ್ಚುವರಿ ಕ್ಯಾಲೆಂಡರ್‌ಗಳಿಗೂ ಸೆಟ್ಟಿಂಗ್ ಬೇರೆ ಬೇರೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಮರೆಯುವುದು ಮಾಮೂಲು. ಬದಲಿಸಿದ ಮೇಲೆ 24 ಗಂಟೆಯವರೆಗೂ ಕಾಯಬೇಕಾಗಬಹುದು. ಐದು ನಿಮಿಷಕ್ಕೊಮ್ಮೆ ಹಿಂದೆ ಮುಂದೆ ತಿರುಗಿಸುತ್ತಾ ಕೂತರೆ ಯಾವುದು ಕೆಲಸ ಮಾಡಿತೆಂದೇ ತಿಳಿಯುವುದಿಲ್ಲ.

ಗೂಗಲ್ ಗ್ರೂಪ್‌ಗೆ ಹಂಚಿದರೆ ಸದಸ್ಯರು ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಸೇರಿಸಿಕೊಳ್ಳಬೇಕು. ನಂತರ ಗುಂಪಿಗೆ ಸೇರಿದವರಿಗೆ ಹಕ್ಕು ಇರುತ್ತದೆ, ಆ ಮೇಲ್ ಬಂದಿರುವುದಿಲ್ಲ. ಅವರಿಗೆ ಲಿಂಕ್ ಕಳಿಸಿ, ಅನುಮತಿ ಮತ್ತೆ ಕೊಡಬೇಕಿಲ್ಲ. ಐಫೋನ್‌ನ ಕ್ಯಾಲೆಂಡರ್ ಆ್ಯಪ್‌ನಲ್ಲಿ ಹಂಚಿದ ಕ್ಯಾಲೆಂಡರ್ ಬಾರದಿದ್ದರೆ ಗೂಗಲ್‌ನ ‘ಸಿಂಕ್ ಸೆಲೆಕ್ಟ್’ ಪುಟದಲ್ಲಿ ಅದರ ಮುಂದೆ ಟಿಕ್ ಹಾಕಬೇಕು.

ಎರಡರಲ್ಲಿ ಒಂದನ್ನು ಆರಿಸುವ ಸ್ವಾತಂತ್ರ್ಯ ಇದ್ದರೆ ಹೀಗೆ ನೋಡಿ: ಹಿರಿಯ ಅಧಿಕಾರಿಗಳು, ಅವರ ಪಿಎಗಳು, ಮೀಟಿಂಗ್ ರೂಮ್‌ಗಳು ತುಂಬಿದ ಕಚೇರಿಗೆ ಔಟ್‌ಲುಕ್‌ನ ಡೆಲಿಗೇಟ್ ವ್ಯವಸ್ಥೆಗೆ ಸಾಟಿ ಇಲ್ಲ, ಆದರೆ ಪವರ್‌ಶೆಲ್ ಗೊತ್ತಿರುವ ಒಬ್ಬರಾದರೂ ಬೇಕು. ಮೂವತ್ತು ಜನರ, ಎಲ್ಲರೂ ಸಮಾನರಾಗಿ ಕೆಲಸ ಮಾಡುವ ಕಂಪನಿಗೆ ಗೂಗಲ್‌ನ ನಾಲ್ಕು ಹಂತ ಧಾರಾಳ ಸಾಕು.

ಕೆಲಸ ಬಿಟ್ಟವರು ಬಿಟ್ಟುಹೋಗುವ ದೋಷ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಇದು. ಸಾಹೇಬರಿಗೆ ಮೀಟಿಂಗ್ ಕಳಿಸಿದವರಿಗೆ ‘ತಲುಪಿಲ್ಲ’ ಎಂಬ ವಾಪಸ್ ಮೇಲ್ ಬರುತ್ತದೆ, ಅದರಲ್ಲಿ ಆರು ತಿಂಗಳ ಹಿಂದೆ ಕೆಲಸ ಬಿಟ್ಟ ಪಿಎ ಹೆಸರು. ಕಳಿಸಿದವರು ಆ ಹೆಸರನ್ನು ಹಾಕಿಯೇ ಇಲ್ಲ.

ಡೆಲಿಗೇಟ್ ಮಾಡಿದಾಗ ಔಟ್‌ಲುಕ್ ಸಾಹೇಬರ ಇನ್‌ಬಾಕ್ಸ್‌ನಲ್ಲಿ ಕಣ್ಣಿಗೆ ಕಾಣದ ರೂಲ್ ಒಂದನ್ನು ಇಡುತ್ತದೆ, ಬಂದ ಆಹ್ವಾನವನ್ನು ಡೆಲಿಗೇಟ್‌ಗೆ ರವಾನಿಸುವುದು ಅದರ ಕೆಲಸ. ಖಾತೆ ಅಳಿಸಿದರೂ ರೂಲ್ ಸಾಯುವುದಿಲ್ಲ. ಡೆಲಿಗೇಟ್ ಪಟ್ಟಿಯಲ್ಲಿ ಹಳೆಯ ಹೆಸರು ಇನ್ನೂ ಇದ್ದರೆ ತೆಗೆದು ಉಳಿಸಿ. ‘ಡೆಲಿಗೇಟ್ಸ್ ಸೆಟ್ಟಿಂಗ್ಸ್ ವರ್ ನಾಟ್ ಸೇವ್ಡ್ ಕರೆಕ್ಟ್ಲಿ’ ಎಂದು ಅಲ್ಲೂ ಹಟ ಮಾಡಿದರೆ ಸೆಂಡ್ ಆನ್ ಬಿಹಾಫ್ ಪಟ್ಟಿಯಲ್ಲಿ ಸತ್ತ ಹೆಸರು ಸಿಕ್ಕಿಕೊಂಡಿರಬಹುದು. ಅಡ್ಮಿನ್ ಅದನ್ನು ‘ಸೆಟ್-ಮೇಲ್‌ಬಾಕ್ಸ್’ನ ‘ಗ್ರಾಂಟ್‌ಸೆಂಡ್‌ಆನ್‌ಬಿಹಾಫ್‌ಟು’ ಮೂಲಕ ಸರಿಪಡಿಸಲಿ.

ಪಟ್ಟಿಯಲ್ಲಿ ಹೆಸರೇ ಇಲ್ಲ, ಆದರೂ ಮೇಲ್ ವಾಪಸ್ ಬರುತ್ತಲೇ ಇದೆ ಎಂದಾದರೆ ಅಡಗಿರುವ ಆ ರೂಲ್ ಅನ್ನು ಎಂಎಫ್‌ಸಿಮ್ಯಾಪಿ ಎಂಬ ಸಾಧನದಲ್ಲಿ ಹುಡುಕಿ ಅಳಿಸಬೇಕು, ಅದರ ಗುರುತು ‘ಶೆಡ್ಯೂಲ್ ಪ್ಲಸ್ ಇಎಂಎಸ್ ಇಂಟರ್‌ಫೇಸ್’. ಪಕ್ಕದ ರೂಲ್ ಅಳಿಸಿದರೆ ಹಿಂದಿರುಗಿ ಬರದು, ಅನುಭವಿಗಳ ಕೈಗೇ ಕೊಡಿ. ಡೆಲಿಗೇಟ್‌ನ ಒಳದಾಖಲೆಯೇ ಕೆಟ್ಟು, ಹೆಸರು ಸೇರಿಸಲೂ ತೆಗೆಯಲೂ ಆಗದಿದ್ದರೆ ‘ರಿಮೂವ್-ಮೇಲ್‌ಬಾಕ್ಸ್‌ಫೋಲ್ಡರ್‌ಪರ್ಮಿಷನ್’ ಆಜ್ಞೆಗೆ ‘ರೀಸೆಟ್‌ಡೆಲಿಗೇಟ್‌ಯೂಸರ್‌ಕಲೆಕ್ಷನ್’ ಸೇರಿಸಿ ಓಡಿಸಬಹುದು. ಅದು ಕೆಟ್ಟ ದಾಖಲೆಯನ್ನು ತೆಗೆದುಹಾಕುತ್ತದೆ, ಜೊತೆಗೆ ಈಗಿರುವ ಡೆಲಿಗೇಟ್‌ಗಳನ್ನೂ ಎಡಿಟರ್ ಮಟ್ಟಕ್ಕೆ ಇಳಿಸುತ್ತದೆ. ಓಡಿಸುವ ಮುನ್ನ ಯಾರು ಯಾರು ಡೆಲಿಗೇಟ್, ಯಾರಿಗೆ ಖಾಸಗಿ ವಿವರ ನೋಡುವ ಟಿಕ್ ಇತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ಒಬ್ಬೊಬ್ಬರನ್ನೇ ಮತ್ತೆ ಸೇರಿಸಬೇಕಾಗುತ್ತದೆ.